ಸೂಲಗಿತ್ತಿಯ ಅಂಗಳಕ್ಕೆ ಅತ್ತೆ ಹೋದದ್ದು

ನಾನು ಮದುವೆಯಾಗಿ ಬಾಳೂರಿನ ಕಡೆಯ ಕಾಫಿ ಎಸ್ಟೇಟಿಗೆ ಬಂದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಯುದ್ಧ ಎಲ್ಲೋ ದೂರದಲ್ಲಿ. ನಮಗೆ ಅದು ಗೊತ್ತಾಗುತ್ತಿದ್ದದ್ದು ಪೆಟ್ರೋಲ್ ಸಿಗದೆ ಹೋದದ್ದರಿಂದ. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕಳಸದ ದಾರಿಗೆ ಇದ್ದಿಲು ಉರಿಸುವ ಗ್ಯಾಸಿನ ಬಸ್ಸು. ಏರು ಬಂತೆಂದರೆ ಅದು ಕೆಮ್ಮಿ ನಿಂತುಬಿಡುತ್ತಿತ್ತು. ಕಂಡಕ್ಟರು ಎಲ್ಲರನ್ನೂ ಇಳಿಸಿ ನಡೆಸುತ್ತಿದ್ದ. ಮದುವೆಯ ಸೀರೆ ಉಟ್ಟುಕೊಂಡೇ ನಾನು ಆ ಏರುಗಳನ್ನು ಹತ್ತಿದೆ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನನ್ನ ಗಂಡ ಟ್ರಂಕು ಹೊತ್ತು ಮುಂದೆ ಹೋಗುತ್ತಿದ್ದರು. ಅವರ ತಾಯಿ ನನ್ನ ಪಕ್ಕದಲ್ಲಿ ನಡೆಯುತ್ತಾ, ಉಸಿರು ಸುಧಾರಿಸಿಕೊಳ್ಳಲು ಒಂದು ಕಡೆ ನಿಂತು ಹೇಳಿದರು: "ಮದುವೆ ಹುಡುಗಿಯಾಗಿ ಇಷ್ಟು ದೂರ ನಡೆದ್ರೂ ಒಂದ್ಸಲ ಮುಖ ಸಿಂಡರಿಸ್ಲಿಲ್ಲ ನೀನು. ನಾನಾಗಿದ್ರೆ ಆ ಕಂಡಕ್ಟರಿಗೆ ಚೆನ್ನಾಗಿ ಬಯ್ದಿರ್ತಿದ್ದೆ."

ಅತ್ತೆ ನನಗೆ ಹೇಳಿದ ಮೊದಲ ಮಾತು ಅದು. ನಿಜ ಹೇಳಬೇಕೆಂದರೆ ಅದನ್ನು ಕೇಳಿ ನನಗೆ ಗಾಬರಿಯಾಯಿತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ನಾನು ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ತಪ್ಪು ಮಾಡಿದರೆ ಹೇಳುತ್ತಿದ್ದರು, ಸರಿಯಾಗಿ ಮಾಡಿದರೆ ಸುಮ್ಮನಿರುತ್ತಿದ್ದರು. ಮಕ್ಕಳನ್ನು ಹೊಗಳಿದರೆ ಗರ್ವ ಬರುತ್ತದೆಂದು ಅವರು ನಂಬಿದ್ದರು. ಹಾಗಾಗಿ ಯಾರಾದರೂ ಒಳ್ಳೆಯ ಮಾತಾಡಿದರೆ ಮುಂದೆ ಏನು ಕೆಲಸ ಹೇಳುತ್ತಾರೋ ಎಂದು ಕಾಯುವುದು ನನಗೆ ರೂಢಿಯಾಗಿತ್ತು.

ಆ ವಾರವೇ ನಾನು ಕಡುಬು ಮಾಡಿದೆ. ಹಿಟ್ಟು ಸರಿಯಾಗಿ ಬೇಯಿಸಲು ತಿಳಿಯದೆ ಅವು ಕಲ್ಲಾದವು. ಗಂಡ ಒಂದನ್ನು ಕೈಯಲ್ಲಿ ಹಿಡಿದು ತೂಕ ನೋಡಿ ನಕ್ಕುಬಿಟ್ಟರು. ಅತ್ತೆ ನಗಲಿಲ್ಲ. ಚಟ್ನಿಯಲ್ಲಿ ಒತ್ತಿ ಒತ್ತಿ ಒಂದು ಕಡುಬು ಪೂರ್ತಿ ತಿಂದು, "ಉಪ್ಪು ಮಾತ್ರ ಹದವಾಗಿ ಬಿದ್ದಿದೆ. ಉಪ್ಪಿನ ಅಂದಾಜು ಕಲಿಸೋಕೆ ಆಗಲ್ಲ, ಅದು ನಿಂಗೆ ಬಂದಿದೆ. ಹಿಟ್ಟು ಬೇಯಿಸೋದು ನಾಳೆ ತೋರಿಸ್ತೀನಿ" ಎಂದರು. ಮರುದಿನ ತೋರಿಸಿಯೂ ಕೊಟ್ಟರು.

ಕ್ರಮೇಣ ನನಗೆ ಅರ್ಥವಾಯಿತು. ಅತ್ತೆ ಯಾರನ್ನೂ ಸುಮ್ಮಸುಮ್ಮನೆ ಹೊಗಳುತ್ತಿರಲಿಲ್ಲ. ಎದುರಿಗಿದ್ದವರನ್ನು ನೋಡುತ್ತಾ ಇರುತ್ತಿದ್ದರು, ಅವರಲ್ಲಿ ನಿಜವಾಗಿ ಇರುವ ಒಂದು ಒಳ್ಳೆಯದು ಕಣ್ಣಿಗೆ ಬೀಳುವವರೆಗೆ. ಕಂಡ ಮೇಲೆ ಅದನ್ನು ಅವರ ಮುಖಕ್ಕೇ ಹೇಳಿಬಿಡುತ್ತಿದ್ದರು. ನಮ್ಮ ಎಸ್ಟೇಟಿನಲ್ಲಿ ನಮ್ಮಂಥ ಕ್ರೈಸ್ತರ ಮನೆ ಬೆರಳೆಣಿಕೆಯಷ್ಟು. ಪಾದ್ರಿಗಳು ಅಪರೂಪಕ್ಕೆ ಬರುತ್ತಿದ್ದುದರಿಂದ ಭಾನುವಾರದ ಪ್ರಾರ್ಥನೆ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಡೆಯುತ್ತಿತ್ತು. ಎಸ್ಟೇಟಿನ ದೊರೆಯ ಡ್ರೈವರು ತಡವರಿಸಿ ತಡವರಿಸಿ ಬೈಬಲಿನ ಪಾಠ ಓದುತ್ತಿದ್ದ. ಮುಗಿದ ಮೇಲೆ ಅತ್ತೆ ಅವನಿಗೆ, "ಹೋದ ವಾರ ಓಡಿಸ್ಕೊಂಡು ಹೋಗಿದ್ದೆ ಮಾರಾಯ, ಈ ವಾರ ನಿಲ್ಲಿಸಿ ಓದಿದೆ. ನಂಗೆ ಅರ್ಥ ಆಯ್ತು" ಎನ್ನುತ್ತಿದ್ದರು. ಅವನು ಕಿವಿಯವರೆಗೆ ಕೆಂಪಾಗುತ್ತಿದ್ದ.

ಮಾವನವರು ಉಪದೇಶಿಯಾಗಿದ್ದವರು. ಬೆಟ್ಟದ ಊರುಗಳಲ್ಲಿ ತಿರುಗಿ ಯೇಸುಸ್ವಾಮಿಯ ಕಥೆ ಹೇಳುತ್ತಿದ್ದರಂತೆ. ನಾನು ಬರುವ ಮೊದಲೇ ತೀರಿಹೋಗಿದ್ದರು. "ಅವ್ರಿಗೆ ಬಾಯಿತ್ತು, ಹೇಳಿದ್ರು. ನಂಗೆ ಅಷ್ಟೆಲ್ಲ ಬರಲ್ಲ" ಎನ್ನುತ್ತಿದ್ದರು ಅತ್ತೆ. "ಆದ್ರೆ ಸ್ವಾಮಿ ಯಾರನ್ನೂ ದೂರದಲ್ಲಿ ನಿಂತು ಏಳು ಅನ್ನಲಿಲ್ಲ ನೋಡು. ಹತ್ತಿರ ಹೋಗಿ ಕೈ ಹಿಡ್ಕೊಂಡ್ರು. ಅಷ್ಟನ್ನ ನಾವೂ ಮಾಡ್ಬಹುದಲ್ಲ."

ಆ ಮಳೆಗಾಲದಲ್ಲಿ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಗಳಲ್ಲಿ, ಒಂದು ಸಾವಾಯಿತು. ಆಳುಗಳ ಮೇಸ್ತ್ರಿಯ ದೊಡ್ಡ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಗು ಹುಟ್ಟಿತು, ಹೆಣ್ಣು, ಚೆನ್ನಾಗಿಯೇ ಇತ್ತು. ತಾಯಿಗೆ ರಕ್ತ ನಿಲ್ಲಲಿಲ್ಲ. ಹಳ್ಳ ದಡ ಮೀರಿ ಹರಿಯುತ್ತಿತ್ತು, ದಾಟಲು ಹಾಕಿದ್ದ ಮರದ ಸಂಕ ಕೊಚ್ಚಿಹೋಗಿತ್ತು. ಮೂಡಿಗೆರೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವ ದಾರಿಯೇ ಇರಲಿಲ್ಲ. ಹೆರಿಗೆ ಮಾಡಿಸಿದ ಸೂಲಗಿತ್ತಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಲೈನಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು. ಆದರೆ ಆ ದಿನ ಆ ಹುಡುಗಿ ಅವಳ ತೊಡೆಯ ಮೇಲೆಯೇ ಹೋದಳು. ಮೇಸ್ತ್ರಿಯ ಹೆಂಡತಿ ಎದೆ ಬಡಿದುಕೊಂಡು, "ನಿನ್ನ ಕೈಗೆ ಕೊಟ್ಟೆನಲ್ಲೇ, ನಿನ್ನ ಕೈಯಲ್ಲಿ ಸಾವಿದೆ ಕಣೇ" ಎಂದು ಕೂಗಿದ್ದು ಅಂಗಳದಲ್ಲಿ ನಿಂತಿದ್ದವರೆಲ್ಲರಿಗೂ ಕೇಳಿಸಿತಂತೆ.

ಆ ಮಾತು ನಿಂತುಬಿಟ್ಟಿತು. ಬಸುರಿಯರು ಸೂಲಗಿತ್ತಿ ಎದುರಾದರೆ ಸೆರಗು ಹೊದ್ದು ಪಕ್ಕಕ್ಕೆ ಸರಿಯತೊಡಗಿದರು. ಅವಳೂ ಕೆಲಸ ಬಿಟ್ಟಳು. ಕಳೆ ತೆಗೆಯುವ ಗುಂಪಿನಲ್ಲಿ ಸೇರಿಕೊಂಡು, ಎಲ್ಲರೂ ಹೋದ ಮೇಲೆ ತಾನೊಬ್ಬಳೇ ತೋಟದ ಮೇಲಿನ ದಾರಿ ಹಿಡಿದು ಮನೆಗೆ ಹೋಗುತ್ತಿದ್ದಳು. ಗಂಡ ತೀರಿಹೋಗಿ, ಮಗಳು ಮದುವೆಯಾಗಿ ವಸ್ತಾರೆಯ ಕಡೆ ಹೋಗಿದ್ದುದರಿಂದ ಮನೆಯಲ್ಲಿ ಮಾತಾಡುವವರೂ ಇರಲಿಲ್ಲ.

ಅತ್ತೆ ಅವಳ ಮನೆಗೆ ಹೋದರು. ಮೊದಲ ಸಲ ಅವಳು ಬಾಗಿಲು ತೆಗೆಯಲಿಲ್ಲ. ಒಳಗೆ ಹೊಗೆ ಏಳುತ್ತಿತ್ತು, ಇದ್ದಳು. ಅತ್ತೆ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬಂದರು. ಮತ್ತೆ ಹೋದರು. ಆಮೇಲೊಂದು ದಿನ ಅವಳು ಹೊರಗೆ ಕುಳಿತು ಸೊಪ್ಪು ಸೋಸುತ್ತಿದ್ದಾಗ ಸಿಕ್ಕಳು. ನಾನೂ ಜೊತೆಗಿದ್ದೆ. ಅತ್ತೆ ಏನೂ ಮಾತಾಡದೆ ಪಕ್ಕದಲ್ಲಿ ಕುಳಿತು ತಾವೂ ಸೊಪ್ಪು ಸೋಸಿದರು. ಮೊರ ಖಾಲಿಯಾದ ಮೇಲೆ ಎದ್ದು, "ಬರ್ತೀನಿ ಮಾರಾಯ್ತಿ" ಎಂದು ಹೊರಟರು.

ದಾರಿಯಲ್ಲಿ ನಾನು ಕೇಳಿದೆ. "ಒಂದು ಮಾತೂ ಆಡ್ಲಿಲ್ಲವಲ್ಲ ಅತ್ತೆ?"

"ಏನು ಹೇಳೋದು ಅಂತ ಇನ್ನೂ ಗೊತ್ತಾಗಿಲ್ಲ ಮಗಾ. ಬಾಯಿಗೆ ಬಂದಿದ್ದು ಹೇಳಿದ್ರೆ ಅವಳಿಗೆ ಗೊತ್ತಾಗುತ್ತೆ, ಇದು ಬರೀ ಮಾತು ಅಂತ."

ಅದೇ ದಿನಗಳಲ್ಲಿ ಅವರು ಮೇಸ್ತ್ರಿಯ ಮನೆಗೂ ಹೋಗುತ್ತಿದ್ದರು. ಮಗಳನ್ನು ಕಳೆದುಕೊಂಡ ಆ ತಾಯಿಗೆ ತಾಯಿಲ್ಲದ ಕೂಸನ್ನು ನೋಡಿಕೊಳ್ಳಲು ಕೈ ಬರುತ್ತಿರಲಿಲ್ಲ; ಎತ್ತಿಕೊಂಡರೆ ಅಳು ಉಕ್ಕುತ್ತಿತ್ತು. ಅತ್ತೆ ಕೂಸಿಗೆ ನೀರು ಹಾಕಿ, ಹಸುವಿನ ಹಾಲು ತೆಳುವಾಗಿ ಕಾಯಿಸಿ ಕುಡಿಸಿ ಬರುತ್ತಿದ್ದರು. ಬೈದವರ ಮನೆಗೂ, ಬೈಸಿಕೊಂಡವರ ಮನೆಗೂ ಒಂದೇ ಛತ್ರಿ ಹಿಡಿದುಕೊಂಡು ಓಡಾಡುವುದು ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಇವರು ಯಾರ ಕಡೆ ಎಂದು ಲೈನಿನಲ್ಲಿ ಕೇಳುವವರೂ ಇದ್ದರು. ಆ ತಿಂಗಳು ಬಂದಿದ್ದ ಪಾದ್ರಿಗಳು ಕೂಡ, ಆ ಸೂಲಗಿತ್ತಿಗೆ ನಮ್ಮ ಸಭೆಗೆ ಸೇರುವ ಮನಸ್ಸಿದೆಯೇ ಎಂದು ವಿಚಾರಿಸಿದರು. "ಅದು ನಂಗೆ ಗೊತ್ತಿಲ್ಲ ಅಯ್ಯನವ್ರೆ" ಎಂದರು ಅತ್ತೆ. "ಅವಳು ತಲೆ ಎತ್ತಿ ನಡೀಲಿ ಅಂತ ಹೋಗ್ತೀನಿ, ಅಷ್ಟೇ." ಪಾದ್ರಿಗಳು ಒಳ್ಳೆಯವರು. ಸ್ವಲ್ಪ ಯೋಚಿಸಿ, "ಹೋಗ್ತಾ ಇರಿ" ಎಂದರು.

ಮಳೆ ಹೊಳವಾದ ಒಂದು ಮಧ್ಯಾಹ್ನ ಅತ್ತೆ ಮೇಸ್ತ್ರಿಯ ಮನೆಯಲ್ಲಿ ಕೂಸಿಗೆ ಸ್ನಾನ ಮಾಡಿಸಿ, ಮನೆಗೆ ಬಾರದೆ ನೇರ ಸೂಲಗಿತ್ತಿಯ ಅಂಗಳಕ್ಕೆ ನಡೆದರು. ನಾನು ಹಿಂದೆ ಓಡಬೇಕಾಯಿತು. ಸೂಲಗಿತ್ತಿ ಕಂಬಳಿ ಒಣಗಲು ಹಾಕುತ್ತಿದ್ದಳು. ನಮ್ಮನ್ನು ನೋಡಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಆ ಮಾತು ಬಿದ್ದ ಮೇಲೆ ಯಾರು ಎದುರಾದರೂ ಅವಳು ಹಾಗೆಯೇ ಮಾಡುತ್ತಿದ್ದಳು.

"ಇವತ್ತು ಆ ಮಗೂನ ಸರಿಯಾಗಿ ನೋಡ್ದೆ" ಎಂದರು ಅತ್ತೆ. "ಹೊಕ್ಕುಳು ಎಷ್ಟು ಚೆಂದ ಒಣಗಿದೆ ಗೊತ್ತಾ? ಒಂಚೂರು ಕೀವಿಲ್ಲ, ಉಬ್ಬಿಲ್ಲ. ಅದನ್ನ ಕೊಯ್ದು ಕಟ್ಟಿದ್ದು ನೀನು ಮಾರಾಯ್ತಿ. ಆ ಹೊತ್ತಲ್ಲಿ, ಆ ಮಳೇಲಿ, ಆ ಹುಡುಗಿ ಹಂಗಿರುವಾಗ, ಅಷ್ಟು ಶುದ್ಧವಾಗಿ ಕಟ್ಟಿದೀಯ. ತಾಯಿ ನಿಲ್ಲಲಿಲ್ಲ. ಮಗು ನಿಂತಿದೆಯಲ್ಲ."

ಸೂಲಗಿತ್ತಿ ಸೆರಗಿನಿಂದ ಕೈ ಹೊರಗೆ ತೆಗೆದಳು. ಕಂಬಳಿಯ ಅಂಚು ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಆ ಹುಡುಗಿ ಸತ್ತಾಗ ಅವಳು ಅಳಲಿಲ್ಲವೆಂದು ಲೈನಿನಲ್ಲಿ ಆಡಿಕೊಂಡಿದ್ದರು. ಅತ್ತೆ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕುಳಿತರು.

ಆ ಹೊತ್ತಿಗೆ ನಾನೂ ಬಸುರಿ. ಹೆರಿಗೆಗೆ ತಿಂಗಳು ಮುಂಚೆಯೇ ಚಿಕ್ಕಮಗಳೂರಿಗೆ ಹೋಗಿ ನನ್ನ ಸೋದರತ್ತೆಯ ಮನೆಯಲ್ಲಿದ್ದು ಆಸ್ಪತ್ರೆಗೆ ಸೇರುವುದೆಂದು ತೀರ್ಮಾನವಾಗಿತ್ತು. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಅತ್ತೆ ನನ್ನ ತಲೆ ಬಾಚುತ್ತಾ ಕೇಳಿದರು: "ಅಲ್ಲಿಗೆ ಹೋಗೋವರೆಗೆ ಅವಳು ಬಂದು ನಿನ್ನ ನೋಡ್ಲಾ? ಕಾಲಿಗೆ ಎಣ್ಣೆ ಹಚ್ಚೋದು, ಮಗು ಹೆಂಗಿದೆ ಅಂತ ಮುಟ್ಟಿ ಹೇಳೋದು, ಅಷ್ಟೇ."

ನನಗೆ ಸಿಟ್ಟು ಬಂತು. "ಅವಳಿಗೆ ಧೈರ್ಯ ಹೇಳೋಕೆ ನನ್ನ ಹೊಟ್ಟೆಯೇ ಬೇಕಾ ಅತ್ತೆ?" ಎಂದುಬಿಟ್ಟೆ.

ಅತ್ತೆಯ ಬಾಚಣಿಗೆ ನಿಂತಿತು. "ಬೇಡ ಅಂದ್ರೆ ಬೇಡ ಮಗಾ. ಹೊಟ್ಟೆ ನಿಂದು. ಕೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡ" ಎಂದು ಜಡೆ ಹೆಣೆದು ಮುಗಿಸಿದರು. ಮತ್ತೆ ಆ ಮಾತೆತ್ತಲಿಲ್ಲ. ಮುಖ ದಪ್ಪ ಮಾಡಿಕೊಂಡಿದ್ದರೆ ನಾನು ಹಟ ಹಿಡಿಯುತ್ತಿದ್ದೆನೇನೋ. ಎಂದಿನಂತೆಯೇ ಇದ್ದರು. ಕೆಲವು ದಿನಗಳಾದ ಮೇಲೆ ಕಾಲು ಊದಿ ಕುಳಿತಲ್ಲಿಂದ ಏಳಲಾಗದೆ ನಾನೇ ಹೇಳಿದೆ, "ಬರ್ಲಿ ಅತ್ತೆ, ಅವಳು ಬಂದು ಎಣ್ಣೆ ಹಚ್ಚಲಿ."

ಅವಳು ಬಂದಳು. ಮೊದಲ ದಿನ ಅವಳ ಕೈ ತಣ್ಣಗಿತ್ತು. ನನ್ನ ಹೊಟ್ಟೆಯ ಮೇಲೆ ಇಟ್ಟ ಕೂಡಲೇ ಹಿಂದಕ್ಕೆ ಎಳೆದುಕೊಂಡಳು. ಒಲೆಯ ಮುಂದೆ ಕೈ ಕಾಯಿಸಿಕೊಂಡು ಬಂದು ಮತ್ತೆ ಇಟ್ಟಳು. ಮುಂದಿನ ಸಲ ಕಾಲಿಗೆ ಹರಳೆಣ್ಣೆ ತಿಕ್ಕುತ್ತಾ, "ಉಪ್ಪಿನಕಾಯಿ ಬಿಡಿ ಸಣ್ಣಮ್ಮ, ಊತ ಇಳಿಯುತ್ತೆ" ಎಂದಳು. ಊತ ಇಳಿಯಿತೆಂದು ನಾನು ಹೇಳಿದಾಗ ಅವಳು ತಲೆ ತಗ್ಗಿಸಿದರೂ ನಕ್ಕದ್ದು ಕಾಣಿಸಿತು. ಹಾಗೆ ನಾನೂ ಒಳ್ಳೆಯದನ್ನು ಕಂಡು ಹೇಳುವ ಅತ್ತೆಯ ಕೆಲಸ ಕಲಿತೆನೆಂದು ಈಗ ಅನ್ನಿಸುತ್ತದೆ. ಅತ್ತೆ ಹೇಳಿಕೊಟ್ಟಿರಲಿಲ್ಲ. ಅವಳಿಂದ ನನಗೆ ಹಿತವಾದದ್ದನ್ನು ಹಿತವಾಯಿತೆಂದು ಹೇಳಿದೆ, ಅಷ್ಟೇ. ಒಂದು ದಿನ ಅವಳು ನನ್ನ ಕೈ ಹಿಡಿದು ಹೊಟ್ಟೆಯ ಒಂದು ಕಡೆ ಇಡಿಸಿ, "ಇದು ಬೆನ್ನು. ಇಲ್ಲಿ ಕೆಳಗಿರೋದು ತಲೆ. ಸರಿಯಾಗೇ ಮಲಗಿದೆ ನಿಮ್ಮ ಕೂಸು" ಎಂದಳು. ಮಗುವಿನ ಪರಿಚಯ ನನಗೆ ಮೊದಲು ಮಾಡಿಕೊಟ್ಟದ್ದು ಅವಳೇ.

ಚಿಕ್ಕಮಗಳೂರಿಗೆ ಹೊರಡಲು ಟ್ರಂಕು ಕಟ್ಟಿ ಇಟ್ಟಿದ್ದೆವು. ಕೊಯ್ಲಿನ ಕಾಲ. ಹಣ್ಣು ಕಾಫಿಯ ಹುಳಿ ವಾಸನೆ ಮನೆಯೊಳಗೂ ತುಂಬಿತ್ತು. ಬೆಳಿಗ್ಗೆ ಕಾಫಿ ಲೋಟ ತೊಳೆಯುತ್ತಿದ್ದಾಗ ನನಗೆ ನೋವು ಶುರುವಾಯಿತು. ದಿನ ತುಂಬಿರಲಿಲ್ಲ. ದೊರೆಯ ಕಾರು ಪೆಟ್ರೋಲಿಲ್ಲದೆ ಶೆಡ್ಡಿನಲ್ಲಿ ನಿಂತಿತ್ತು. ಬಸ್ಸು ಹೋಗಿಯಾಗಿತ್ತು. ಗಂಡ ಕಂಪೌಂಡರನ್ನು ಕರೆತರಲು ಬಾಳೂರಿಗೆ ಓಡಿದರು. ಅತ್ತೆ ನನ್ನ ಪಕ್ಕ ಕುಳಿತು ಕೇಳಿದರು: "ಯಾರನ್ನ ಕರೀಲಿ? ಆಚೆ ಹಳ್ಳೀಲಿ ಒಬ್ಬಳು ಮುದುಕಿ ಇದಾಳೆ, ಅವಳನ್ನೂ ಕರೆಸಬಹುದು. ನೀನು ಹೇಳ್ದಂಗೆ."

"ನಮ್ಮವಳನ್ನೇ ಕರೀರಿ" ಎಂದೆ. ನಮ್ಮವಳು ಎಂಬ ಮಾತು ಹೇಗೆ ಬಂತೋ ಗೊತ್ತಿಲ್ಲ.

ಸೂಲಗಿತ್ತಿ ತೋಟದಿಂದ ಹಾಗೇ ಓಡಿ ಬಂದಳು. ಬಂದವಳು ಹೊಸ್ತಿಲ ಹೊರಗೇ ನಿಂತಳು. ನನಗೆ ಒಳಗಿನಿಂದ ಅವಳ ದನಿ ಕೇಳಿಸುತ್ತಿತ್ತು.

"ದೊಡ್ಡಮ್ಮಾ, ಆ ಮುದುಕೀನ ಕರೆಸಿ. ನನ್ನಿಂದಾಗಲ್ಲ. ಎಣ್ಣೆ ಹಚ್ಚೋದು ಬೇರೆ, ಇದು ಬೇರೆ. ಕೈ ನಡುಗ್ತಿದೆ ನೋಡಿ."

"ನಂದೂ ನಡುಗ್ತಿದೆ, ಹಿಡ್ಕೊಂಡು ನೋಡು" ಎಂದರು ಅತ್ತೆ.

"ಏನಾದ್ರೂ ಆದ್ರೆ?"

ಏನೂ ಆಗುವುದಿಲ್ಲ ಎಂದು ಅತ್ತೆ ಹೇಳಬಹುದಿತ್ತು. ಸುಳ್ಳು ಧೈರ್ಯ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಆಗ ನಾನೇ, ಒಂದು ನೋವು ಹೋಗಿ ಇನ್ನೊಂದು ಬರುವ ಮಧ್ಯೆ, ಕೂಗಿ ಹೇಳಿದೆ.

"ಅಕ್ಕಾ! ತಲೆ ಎಲ್ಲಿದೆ, ಬೆನ್ನು ಎಲ್ಲಿದೆ ಅಂತ ನಿಮಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಕೈ ನಡುಗಿದ್ರೂ ಪರವಾಗಿಲ್ಲ, ಒಳಗೆ ಬನ್ನಿ. ನಂಗೆ ಹೆದರಿಕೆ ಆಗ್ತಿದೆ."

ನನ್ನ ಹೆದರಿಕೆಯ ಮಾತೇ ಅವಳನ್ನು ಒಳಗೆ ತಂದಿತೆಂದು ಆಮೇಲೆ ಅವಳೇ ಹೇಳಿದಳು. ಆ ಕ್ಷಣ ಕೊಡದಿಂದ ನೀರು ಸುರಿಯುವ ಸದ್ದು, ಸೀಗೆಪುಡಿ ಹಾಕಿ ಕೈ ತಿಕ್ಕುವ ಸದ್ದು ಕೇಳಿಸಿತು. ಸೆರಗು ಬಿಗಿದು ಒಳಗೆ ಬಂದವಳು ಬೇರೆಯೇ ಹೆಂಗಸಿನಂತೆ ಕಂಡಳು. ಹಾಳೆಯಂತೆ ಬಿಳುಚಿದ್ದ ಅತ್ತೆಯನ್ನು ನೋಡಿ, "ನೀವು ಬಾಗಿಲ ಹತ್ರ ಕೂತ್ಕೊಳ್ಳಿ ದೊಡ್ಡಮ್ಮ, ಬಿಸಿನೀರು ಆರದಂಗೆ ನೋಡ್ಕೊಳ್ಳಿ" ಎಂದು ಹುಕುಂ ಮಾಡಿದಳು. ಅತ್ತೆ ಹೋಗಿ ಕುಳಿತರು.

ಮಧ್ಯಾಹ್ನದ ಹೊತ್ತಿಗೆ ಮಗು ಹುಟ್ಟಿತು. ಚಿಕ್ಕದು, ನೀಲಿಗಟ್ಟಿತ್ತು. ಅಳಲಿಲ್ಲ. ಸೂಲಗಿತ್ತಿ ಬೆರಳಿಗೆ ಬಟ್ಟೆ ಸುತ್ತಿ ಮಗುವಿನ ಬಾಯಿ ಒರೆಸಿದಳು, ಅಂಗೈಯ ಮೇಲೆ ಬೋರಲಾಗಿ ಹಾಕಿಕೊಂಡು ಬೆನ್ನು ತಿಕ್ಕಿದಳು, ಅಂಗಾಲು ತಟ್ಟಿದಳು. "ಅಳು ಮಗಾ, ಅಳು, ನನ್ನ ಮರ್ಯಾದೆಗಲ್ಲ, ನಿಮ್ಮಮ್ಮನಿಗೋಸ್ಕರ ಅಳು" ಎನ್ನುತ್ತಲೇ ತಿಕ್ಕುತ್ತಿದ್ದಳು. ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು. ಆಮೇಲೆ ಸರಿಯಾದ ಅಳು. ಅವಳು ನನ್ನತ್ತ ತಿರುಗಿ ರಕ್ತ ನಿಲ್ಲುವವರೆಗೆ ನನ್ನ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. ಆ ಹೊತ್ತೆಲ್ಲ ಅವಳ ತುಟಿ ಅಲುಗುತ್ತಿತ್ತು. ಅವಳು ತನ್ನ ದೇವರನ್ನು ಕರೆಯುತ್ತಿದ್ದಳು, ಬಾಗಿಲಲ್ಲಿ ಅತ್ತೆ ತಮ್ಮ ದೇವರನ್ನು.

ಕಂಪೌಂಡರು ಬಂದಾಗ ಮಗು ಹಾಲು ಚೀಪುತ್ತಿತ್ತು. ಅವರು ಎಲ್ಲ ನೋಡಿ, "ನನಗೇನೂ ಕೆಲಸ ಉಳಿಸಿಲ್ಲವಲ್ಲ ಇವಳು" ಎಂದು ಕಾಫಿ ಕುಡಿದು ಹೋದರು.

ಸುದ್ದಿ ಲೈನಿಗೆ ಹೋಯಿತು. ಹೆಂಗಸರು ಮಗು ನೋಡುವ ನೆಪದಲ್ಲಿ ಬಂದು, ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕುತ್ತಿದ್ದ ಸೂಲಗಿತ್ತಿಯನ್ನು ಮಾತಾಡಿಸಿ ಹೋಗತೊಡಗಿದರು. ಹೂಮಳೆ ಬಿದ್ದು ಕಾಫಿ ಹೂವಾದ ದಿನಗಳಲ್ಲಿ ಒಂದು ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ಬಂದಳು, ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು. ನಾನು ಅಂಗಳದ ಬಿಸಿಲಿನಲ್ಲಿ ಮಗುವಿಗೆ ಮೈ ಕಾಯಿಸುತ್ತಿದ್ದೆ. ಸೂಲಗಿತ್ತಿ ಪಕ್ಕದಲ್ಲಿ ಕುಳಿತಿದ್ದವಳು ಎದ್ದು ನಿಂತಳು. ಕೈ ಸೆರಗಿನೊಳಗೆ ಹೋಯಿತು.

ಮೇಸ್ತ್ರಿಯ ಹೆಂಡತಿ ಮೊಮ್ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೇಳಿದಳು. "ನಮ್ಮ ಸಣ್ಣ ಮಗಳು ಬಸುರಿ. ನೀನು ಬರ್ತೀಯಾ?"

"ನಿಂಗೆ ಮನಸ್ಸಿದೆಯಾ, ಇನ್ಯಾರಾದ್ರೂ ಹೇಳಿ ಕಳಿಸಿದ್ರಾ?" ಎಂದಳು ಸೂಲಗಿತ್ತಿ, ಅತ್ತೆಯ ಕಡೆ ಕಣ್ಣು ಹಾಯಿಸಿ.

"ಯಾರೂ ಹೇಳಿಲ್ಲ. ಅವತ್ತು ನನ್ನ ಬಾಯಲ್ಲಿ ಏನು ಬಂತೋ. ಮಗಳು ಹೋಗಿದ್ಲು, ಯಾರನ್ನ ಬಯ್ಲಿ? ನೀನು ಎದುರಿಗಿದ್ದೆ." ಅವಳು ಮೊಮ್ಮಗಳನ್ನು ಮುಂದೆ ಚಾಚಿದಳು. "ಈ ಮಗೂನ ಮೊದ್ಲು ಹಿಡಿದವಳು ನೀನು. ಇವತ್ತಿನವರೆಗೆ ಎತ್ಕೊಂಡಿಲ್ಲ. ಎತ್ಕೋ."

ಮಗು ತಾನೇ ಸೂಲಗಿತ್ತಿಯ ಕತ್ತಿನ ಮಣಿಸರಕ್ಕೆ ಕೈ ಹಾಕಿತು. ಅವಳು ಎತ್ತಿಕೊಂಡಳು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಲಾರದೆ ಮಗುವನ್ನೇ ನೋಡುತ್ತಾ ನಿಂತರು. ಅತ್ತೆ ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದರು.

ಹೋಗುವಾಗ ಸೂಲಗಿತ್ತಿಯೇ ಹೇಳಿದಳು. "ಹಳ್ಳ ತುಂಬೋ ಮೊದ್ಲೇ ಸಣ್ಣವಳನ್ನ ಮೂಡಿಗೆರೆಗೆ ಕರ್ಕೊಂಡು ಹೋಗೋಣ. ಆಸ್ಪತ್ರೇಲೇ ಆಗ್ಲಿ. ಅಕ್ಕನಿಗೆ ಹಂಗಾಗಿರೋ ಮನೆ, ನಾನು ಅಪಾಯ ತಗೊಳಲ್ಲ. ಆದ್ರೆ ನಾನು ಜೊತೇಲಿ ಬರ್ತೀನಿ. ಅವಳ ಕೈ ಹಿಡ್ಕೊಂಡು ನಿಂತಿರ್ತೀನಿ." ಹಾಗೆಯೇ ಹೋದಳು. ಅಲ್ಲಿನ ನರ್ಸಮ್ಮ ಅವಳನ್ನು ಒಳಗೆ ನಿಲ್ಲಲು ಬಿಟ್ಟಳಂತೆ. ತಾಯಿ ಮಗು ಇಬ್ಬರೂ ಚೆನ್ನಾಗಿ ಮನೆಗೆ ಬಂದರು. ಆಮೇಲೆ ಲೈನಿನಲ್ಲಿ ಅವಳಿಲ್ಲದೆ ಯಾವ ಹೆರಿಗೆಯೂ ಆಗಲಿಲ್ಲ. ಕಷ್ಟದ್ದೆನಿಸಿದರೆ ಮುಂಚೆಯೇ ಹೇಳಿ, ಹಳ್ಳ ಇಳಿದಿರುವಾಗಲೇ ಆಸ್ಪತ್ರೆಗೆ ಹೊರಡಿಸುತ್ತಿದ್ದಳು.

ಮೇಸ್ತ್ರಿಯ ಸಣ್ಣ ಮಗಳು ಮಗುವಿನೊಡನೆ ಮೂಡಿಗೆರೆಯಿಂದ ಬಂದ ಸುದ್ದಿ ಕೇಳಿದ ದಿನ ಸಂಜೆ ಅತ್ತೆ ಹಿತ್ತಲಿನಲ್ಲಿ ಒಬ್ಬರೇ ಕುಳಿತಿದ್ದರು. ಕಣ್ಣು ಕೆಂಪಾಗಿತ್ತು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ನಿಂಗೆ ಏನಾದ್ರೂ ಆಗಿದ್ರೆ ಮಗಾ" ಎಂದರು. "ಅವಳ ಕೈಗೆ ನಿನ್ನ ಕೊಟ್ಟು ಬಾಗಿಲಲ್ಲಿ ಕೂತಿದ್ದೆನಲ್ಲ. ಆವತ್ತು ನಂಗೆ ಪ್ರಾರ್ಥನೆಯ ಮಾತೇ ಬರ್ಲಿಲ್ಲ. ಕಾಪಾಡು ಕಾಪಾಡು ಅಂತ ಅದೊಂದೇ ಅಂತಿದ್ದೆ. ಇಷ್ಟು ದಿನ ಯಾರಿಗೂ ಹೇಳ್ಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ."

ಊರಿಗೆಲ್ಲ ಧೈರ್ಯ ಹೇಳುವ ಇವರಿಗೆ ಯಾರೂ ಏನೂ ಹೇಳುವವರಿಲ್ಲವೆಂದು ನನಗೆ ಆಗ ಹೊಳೆಯಿತು. ಯೋಚಿಸಿದೆ. ಬಾಯಿಗೆ ಬಂದದ್ದು ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ನಿಜವಾದದ್ದೇ ಹೇಳಬೇಕು.

"ನೋವು ಜಾಸ್ತಿ ಆದಾಗೆಲ್ಲ ನಾನು ಬಾಗಿಲ ಕಡೆ ನೋಡ್ತಿದ್ದೆ ಅತ್ತೆ" ಎಂದೆ. "ನಂಗೆ ಅಮ್ಮನ ಮುಖ ನೆನಪಿಲ್ಲ. ಅವತ್ತು ಅಮ್ಮ ಬೇಕು ಅಂತ ನಂಗೆ ಅನ್ನಿಸ್ಲೇ ಇಲ್ಲ. ನೀವು ಅಲ್ಲಿದ್ರಿ."

ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕುಳಿತೇ ಇದ್ದರು. ಒಳಗೆ ಮಗು ಎದ್ದು ಅಳತೊಡಗಿತು. "ಹೋಗು, ಹಸಿವಾಗಿದೆ ಅದಕ್ಕೆ" ಎಂದರು. ಆದರೆ ಕೈ ಬಿಡಲು ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಂಡರು.